ಬ್ರಿಟನ್ನಿನಲ್ಲಿ ಟ್ಯಾಂಡಮ್ ಸ್ಕೈಡೈವ್, ಅಂದರೆ ಬೋಧಕರ ಜೊತೆ ಒಂದೇ ಪ್ಯಾರಾಚೂಟಿನಲ್ಲಿ ವಿಮಾನದಿಂದ ಜಿಗಿತ, ಮಾಡಿ ಸಂಗ್ರಹಿಸಿದ ದೇಣಿಗೆಯೆಲ್ಲ ದತ್ತಿ ಸಂಸ್ಥೆಗೇ ಸೇರುತ್ತದೆಯೇ?

ಜಿಗಿತದ ಖರ್ಚನ್ನು ನೀವೇ ಭರಿಸದಿದ್ದರೆ, ಇಲ್ಲ. ಇಷ್ಟು ಪೌಂಡ್ ಕೂಡಿಸಿದರೆ ಜಿಗಿತ ಉಚಿತ ಎಂದು ಅನೇಕ ಸಂಸ್ಥೆಗಳು ಹೇಳುತ್ತವೆ. ಆ ಉಚಿತದ ಬೆಲೆ ನೂರಾರು ಪೌಂಡ್, ಅದು ಹೋಗುವುದು ನಿಮ್ಮ ಗೆಳೆಯರ ದೇಣಿಗೆಯಿಂದಲೇ. ಹತ್ತಿರದ ಬಂಧುಗಳು ಕೊಟ್ಟದ್ದಕ್ಕೆ ಗಿಫ್ಟ್ ಏಡ್, ಅಂದರೆ ಪ್ರತಿ ಪೌಂಡಿಗೆ ಸರ್ಕಾರ ಸೇರಿಸುವ 25 ಪೆನ್ಸ್, ಆಗ ಸಿಗದೆ ಹೋಗಬಹುದು. ದಯವಿಟ್ಟು ಸ್ವಂತ ಹಣದಿಂದ ಹಾರಿ. ಹಾಗೆಂದು ಮೊದಲೇ ತಿಳಿಸಿದರೆ ಜನ ಕೈಬಿಚ್ಚಿ ಕೊಡುತ್ತಾರೆ.

ಅಪಾಯದ ಬಗ್ಗೆಯೂ ಒಂದು ಮಾತು. ದತ್ತಿಗಾಗಿ ಹಾರಿ ಗಳಿಸಿದ ಪ್ರತಿ ಪೌಂಡಿಗೆ ಗಾಯಾಳುಗಳ ಚಿಕಿತ್ಸೆಗಾಗಿ 13.75 ಪೌಂಡ್ ವೆಚ್ಚವಾಯಿತೆಂದು 1999ರ ಸ್ಕಾಟ್ಲೆಂಡಿನ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಗಾಯಗೊಂಡವರಲ್ಲಿ ಬಹುಪಾಲು ಮೊದಲ ಸಲ ಹಾರಿದವರು. ಟ್ಯಾಂಡಮ್‌ನಲ್ಲಿ ಪ್ಯಾರಾಚೂಟ್ ಅನುಭವಿ ಬೋಧಕರ ಕೈಯಲ್ಲಿರುತ್ತದೆ. ಆದರೂ ಇಳಿಯುವಾಗ ಕಾಲು ಎತ್ತಿ ಹಿಡಿಯುವುದನ್ನು ನೆಲದ ಮೇಲೆಯೇ ಚೆನ್ನಾಗಿ ಅಭ್ಯಾಸ ಮಾಡಿ.