ನಗಬೇಕಾದ ಜಾಗದಲ್ಲೇ ನಕ್ಕಿದ್ದಾರೆ

ಆತ್ಮೀಯರೇ,

ನ್ಯೂಜೆರ್ಸಿಯಿಂದ ನೀವು ಬರೆದ ಪತ್ರ ಕೈಸೇರಿತು. ಉದ್ದವಾಗಿದೆ, ಸಿಟ್ಟಿನಲ್ಲಿ ಬರೆದಿದ್ದೀರಿ, ಅದಕ್ಕೇ ನನಗೆ ಇಷ್ಟವಾಯಿತು. ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ. ಹಾಗಾಗಿ ಉಳಿದ ಓದುಗರಿಗೆ ಅದರ ಸಾರ ಹೇಳಿಬಿಡುತ್ತೇನೆ.

ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕ 2022ರಲ್ಲಿ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ವಲಯವಾದ ಬ್ರಾಡ್‌ವೇಯಲ್ಲಿ ಮತ್ತೆ ರಂಗಕ್ಕೆ ಬಂದಿತ್ತಲ್ಲ, ಅದನ್ನು ನಮ್ಮ ಪತ್ರಿಕೆಯ ಲೇಖನವೊಂದು ಹೊಗಳಿತ್ತು. ನೀವು ಅದನ್ನು ನ್ಯೂಯಾರ್ಕ್‌ನ ಹಡ್ಸನ್ ಥಿಯೇಟರ್‌ನಲ್ಲಿ ನೋಡಿದ್ದೀರಿ. ನಟರ ಬಗ್ಗೆ ನಿಮ್ಮ ತಕರಾರಿಲ್ಲ, ತಕರಾರೆಲ್ಲ ಸುತ್ತ ಕೂತವರ ಬಗ್ಗೆ. ವಿಲ್ಲಿ ಲೋಮನ್ ಅನ್ನುವ ವಯಸ್ಸಾದ ಸೇಲ್ಸ್‌ಮನ್ ಕಣ್ಣೆದುರೇ ಕುಸಿಯುತ್ತಿದ್ದರೆ ಹಿಂದಿನ ಸಾಲಿನವರು ನಗುತ್ತಿದ್ದರು. ಪಕ್ಕದ ಹೆಂಗಸು ‘ಬೇಡ, ಬೇಡ’ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಯಾರೋ ಬಿಕ್ಕಿ ಬಿಕ್ಕಿ ಅತ್ತರು. ಕೊನೆಗೆ ದೀಪ ಆರುವಷ್ಟರಲ್ಲೇ ಎಲ್ಲರೂ ಎದ್ದು ನಿಂತು ಚಪ್ಪಾಳೆ. ‘ಬ್ರಾಡ್‌ವೇಯಲ್ಲಿ ಕೂತಿದ್ದೀನೋ ಜಾತ್ರೆಯ ಕಂಪನಿ ನಾಟಕದಲ್ಲೋ ಗೊತ್ತಾಗಲಿಲ್ಲ, ಇದನ್ನು ನೋಡೋ ಯೋಗ್ಯತೆ ಇವರಿಗಿದೆಯಾ?’ ಅಂತ ಕೇಳಿದ್ದೀರಿ. ಬಿಳಿಯರ ಮನೆಯ ಕಥೆಯನ್ನು ಕಪ್ಪು ನಟರು ಆಡಿದ್ದರಿಂದ ಜನ ಹೀಗೆ ಸ್ಪಂದಿಸಿದರಾ ಅನ್ನೋದು ಎರಡನೇ ಪ್ರಶ್ನೆ. ಕೊನೆಯದು ನಿಮ್ಮ ಮಗನ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ನಗು. ನನ್ನ ಮಟ್ಟಿಗೆ ಅವರು ನಕ್ಕಿದ್ದು ಸರಿ. ಆ ನಾಟಕದಲ್ಲಿ ನಗುವನ್ನು ಮಿಲ್ಲರ್ ಕೈಯಾರೆ ಇಟ್ಟಿದ್ದಾರೆ. ಮೊದಲ ಅಂಕದಲ್ಲೇ ವಿಲ್ಲಿ ಮಗ ಬಿಫ್‌ನನ್ನು ಸೋಮಾರಿ ಅಂತ ಬೈಯುತ್ತಾನೆ. ಎರಡು ಮಾತು ಮುಗಿಯುವಷ್ಟರಲ್ಲಿ ‘ಬಿಫ್ ಬಗ್ಗೆ ಒಂದಂತೂ ಹೇಳಬೇಕು, ಅವನು ಸೋಮಾರಿ ಅಲ್ಲ’ ಅನ್ನುತ್ತಾನೆ. ಷೆವರ್ಲೆ ಕಾರಿನಂಥ ಕಾರು ಜಗತ್ತಿನಲ್ಲೇ ಇಲ್ಲ ಅಂದವನು, ಕಾರ್ಬ್ಯುರೇಟರ್ ರಿಪೇರಿಯ ಬಾಕಿ ನೆನಪಾದ ಕೂಡಲೇ ಆ ಕಾರು ತಯಾರಿಸೋದನ್ನೇ ನಿಷೇಧಿಸಬೇಕು ಅನ್ನುತ್ತಾನೆ. ಇದಕ್ಕೆ ನಗು ಬರದಿದ್ದರೆ ನಟನೇ ಎಲ್ಲೋ ಎಡವಿದ್ದಾನೆ ಅಂತ ಅರ್ಥ.

ಆ ನಗು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದೇ ದೃಶ್ಯದಲ್ಲಿ ವಿಲ್ಲಿ ಊರೂರು ಸುತ್ತಿ ಮನೆಗೆ ಬಂದಿದ್ದಾನೆ. ಪ್ರಾವಿಡೆನ್ಸ್‌ನಲ್ಲಿ 500 ಡಾಲರ್, ಬಾಸ್ಟನ್‌ನಲ್ಲಿ 700 ಡಾಲರ್ ವ್ಯಾಪಾರ ಆಯಿತು ಅಂತ ಹೆಂಡತಿ ಲಿಂಡಾಗೆ ಹೇಳುತ್ತಾನೆ. ಅವಳು ಖುಷಿಯಿಂದ ಪೆನ್ಸಿಲ್ ಹಿಡಿದು ಕಮಿಷನ್ ಲೆಕ್ಕ ಹಾಕುತ್ತಾಳೆ, 212 ಡಾಲರ್. ಆಗ ಇವನು ತಡವರಿಸೋಕೆ ಶುರು ಮಾಡುತ್ತಾನೆ. ಪ್ರಾವಿಡೆನ್ಸ್‌ನಲ್ಲಿ ಅಷ್ಟೊಂದು ಆಗಿರಲಿಕ್ಕಿಲ್ಲ, ಬಾಸ್ಟನ್‌ನಲ್ಲಿ ಮೂರು ಅಂಗಡಿ ಅರ್ಧ ಮುಚ್ಚಿದ್ದವು, ಒಟ್ಟು ಸೇರಿಸಿದರೆ ಒಂದು 200 ಇರಬಹುದು. 1200 ಇದ್ದಿದ್ದು 200ಕ್ಕೆ ಇಳಿಯಿತು. ಸಭೆಯಲ್ಲಿ ಜನ ನಗುತ್ತಾರೆ, ಯಾಕಂದ್ರೆ ಇಂಥ ಗಂಡಸು ಎಲ್ಲರ ಮನೆಯಲ್ಲೂ ಒಬ್ಬ ಇರುತ್ತಾನೆ. ಲಿಂಡಾ ಮುಖದಲ್ಲಿ ಏನೂ ತೋರಿಸದೆ 70 ಡಾಲರ್ ಮೇಲೆ ಚಿಲ್ಲರೆ ಆಯಿತು, ಚೆನ್ನಾಗಿದೆ ಅನ್ನುತ್ತಾಳೆ. ಆಮೇಲೆ ಬಾಕಿಗಳ ಪಟ್ಟಿ ಶುರು. ಫ್ರಿಜ್‌ಗೆ 16, ಬಟ್ಟೆ ಒಗೆಯೋ ಮೆಷಿನ್‌ಗೆ 9 ಡಾಲರ್ 60 ಸೆಂಟ್, ವ್ಯಾಕ್ಯೂಮ್ ಕ್ಲೀನರ್‌ಗೆ ಮೂರೂವರೆ, ಸೂರಿನ ರಿಪೇರಿ, ಕಾರು. ಹದಿನೈದನೇ ತಾರೀಖಿನೊಳಗೆ ಹತ್ತಿರ ಹತ್ತಿರ 120 ಡಾಲರ್ ಹೊಂದಿಸಬೇಕು, ಕೈಯಲ್ಲಿರೋದು 70. ಒಂದು ನಿಮಿಷದ ಹಿಂದೆ ನಕ್ಕವರಿಗೇ ಈಗ ಗಂಟಲು ಕಟ್ಟುತ್ತದೆ. ಆ ನಗು ಇಲ್ಲದೆ ಈ ಸಂಕಟ ಇಷ್ಟು ಆಳಕ್ಕೆ ಇಳಿಯುವುದಿಲ್ಲ. ನಿಮ್ಮ ಹಿಂದಿನ ಸಾಲಿನವರಲ್ಲೂ ತಿಂಗಳ ಕಂತಿನ ಲೆಕ್ಕ ಹಾಕಿ ಹಾಕಿ ಸುಸ್ತಾದವರು ಇದ್ದಿರಬಹುದು ಅಲ್ವಾ?

ಇನ್ನೊಂದು ವಿಷಯ. ವಿಲ್ಲಿಯನ್ನು ಯಾರೋ ಬೆನ್ನ ಹಿಂದೆ ಆಡಿಕೊಂಡ ಪ್ರಸಂಗ ಬರುತ್ತದಲ್ಲ, ಅಲ್ಲಿ ಮೊದಲು ಇದ್ದದ್ದು ‘ಸೀಗಡಿ’ ಅನ್ನೋ ಬೈಗುಳ. 1949ರಲ್ಲಿ ಆ ಪಾತ್ರ ಮಾಡಿದ ಲೀ ಜೆ. ಕಾಬ್ ದಪ್ಪ ಆಳು, ಹಾಗಾಗಿ ಅದನ್ನು ಕಡಲಸಿಂಹದಂಥ ‘ವಾಲ್ರಸ್’ ಪ್ರಾಣಿಗೆ ಬದಲಾಯಿಸಿದರು. 1984ರಲ್ಲಿ ಸಣ್ಣ ಆಳು ಡಸ್ಟಿನ್ ಹಾಫ್‌ಮನ್ ಬಂದಾಗ ಸೀಗಡಿ ವಾಪಸ್ ಬಂತು. ಒಂದು ನಗುವಿಗೆ ಇಷ್ಟು ಯೋಚನೆ ಮಾಡಿದ ನಾಟಕವನ್ನು ಗುಡಿಯೊಳಗೆ ಕೂತ ಹಾಗೆ ಕೈಕಟ್ಟಿ ನೋಡಬೇಕು ಅನ್ನೋದನ್ನು ನಾನು ಒಪ್ಪಲಾರೆ.

ಪಕ್ಕದ ಹೆಂಗಸು ‘ಬೇಡ’ ಅಂದದ್ದು ಯಾವ ದೃಶ್ಯದಲ್ಲಿ ಅಂತ ನೀವು ಬರೆದಿಲ್ಲ. ಹೊವರ್ಡ್‌ನ ಆಫೀಸಿನ ದೃಶ್ಯದಲ್ಲೇ ಇರಬೇಕು ಅಂತ ನನ್ನ ಊಹೆ. 34 ವರ್ಷ ದುಡಿದ ವಿಲ್ಲಿ ಇನ್ನು ಊರೂರು ಸುತ್ತಲಾರೆ, ಇಲ್ಲೇ ಏನಾದರೂ ಕೆಲಸ ಕೊಡಪ್ಪಾ ಅಂತ ಕೇಳಲು ಬಂದಿದ್ದಾನೆ. ಧಣಿ ಹೊವರ್ಡ್‌ಗೆ 36 ವರ್ಷ. ಅವನಿಗೆ ಹೆಸರಿಟ್ಟವನೂ ತಾನೇ ಅಂತ ವಿಲ್ಲಿ ಹೇಳಿಕೊಳ್ಳುತ್ತಾನೆ. ಅವನೋ ಹೊಸದಾಗಿ ಕೊಂಡ ರೆಕಾರ್ಡರ್‌ನಲ್ಲಿ ಮಗಳು ಸಿಳ್ಳೆ ಹಾಕಿದ್ದು, ಮಗ ರಾಜಧಾನಿಗಳ ಹೆಸರು ಒಪ್ಪಿಸಿದ್ದು ಕೇಳಿಸುತ್ತಾ ಕೂತಿದ್ದಾನೆ. ವಿಲ್ಲಿ ವಾರಕ್ಕೆ 65 ಡಾಲರ್ ಸಾಕು ಅನ್ನುತ್ತಾನೆ. ಇಲ್ಲ ಅಂತಾನೆ ಹೊವರ್ಡ್. 50 ಆದರೂ ಸಾಕು. ಇಲ್ಲ. 40 ಕೊಡು, ಅಷ್ಟೇ ಸಾಕು, ಹೊವರ್ಡ್. ಒಬ್ಬ ಮನುಷ್ಯ ತನ್ನ ಬೆಲೆಯನ್ನು ತಾನೇ ಇಳಿಸಿಕೊಳ್ಳುತ್ತಾ ಹೋಗೋದನ್ನು ನೋಡುವಾಗ ಬಾಯಿಂದ ಒಂದು ಮಾತು ಹೊರಬಿದ್ದರೆ ಅದು ಅಸಭ್ಯತೆ ಅಲ್ಲ. ಕಂಪನಿ ನಾಟಕದ ಹೆಸರೆತ್ತಿದಿರಿ. ಅಲ್ಲಿನ ಪ್ರೇಕ್ಷಕರು ಪದ್ಯ ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಅಂತಿದ್ದರು, ಇಲ್ಲದಿದ್ದರೆ ಮುಲಾಜಿಲ್ಲದೆ ಎಬ್ಬಿಸಿ ಕಳಿಸುತ್ತಿದ್ದರು. ನಾಟಕ ಬಲ್ಲವರೇ ಅವರು. ಆ ಹೋಲಿಕೆ ನನಗೆ ಬೈಗುಳವಾಗಿ ಕೇಳಲಿಲ್ಲ.

ಈಗ ಎರಡನೇ ಪ್ರಶ್ನೆ, ಇದು ಸುಲಭದ್ದಲ್ಲ. ಆ ಪ್ರಯೋಗ ಮೊದಲು ಶುರುವಾದದ್ದು 2019ರಲ್ಲಿ, ಲಂಡನ್‌ನ ಯಂಗ್ ವಿಕ್ ರಂಗಮಂದಿರದಲ್ಲಿ. ವೆಂಡೆಲ್ ಪಿಯರ್ಸ್ ವಿಲ್ಲಿ, ಶರಾನ್ ಡಿ. ಕ್ಲಾರ್ಕ್ ಲಿಂಡಾ. ಅಲ್ಲಿಂದ ಪಿಕಡಿಲಿ ಥಿಯೇಟರ್‌ಗೆ, ಆಮೇಲೆ ಮಿರಾಂಡಾ ಕ್ರಾಮ್‌ವೆಲ್ ಅವರ ನಿರ್ದೇಶನದಲ್ಲಿ ಬ್ರಾಡ್‌ವೇಗೆ ಬಂತು. ಬ್ರಾಡ್‌ವೇಯಲ್ಲಿ ಲೋಮನ್ ಕುಟುಂಬ ಕಪ್ಪು ಕುಟುಂಬವಾಗಿ ಬಂದದ್ದು ಅದೇ ಮೊದಲು. ಇಂಥದ್ದು ಬೇಡವೇ ಬೇಡ ಅಂತ ಗಟ್ಟಿಯಾಗಿ ಹೇಳಿದವರು ಯಾರು ಗೊತ್ತಾ? ಅಮೆರಿಕದ ಬಹುದೊಡ್ಡ ಕಪ್ಪು ನಾಟಕಕಾರ ಆಗಸ್ಟ್ ವಿಲ್ಸನ್. 1996ರಲ್ಲಿ, ನಿಮ್ಮ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲೇ ಮಾಡಿದ ಭಾಷಣದಲ್ಲಿ ಅವರು ಇದೇ ನಾಟಕದ ಹೆಸರು ಹೇಳಿ, ಬಿಳಿಯರಿಗಾಗಿ ಬರೆದ ನಾಟಕವನ್ನು ಪೂರ್ತಿ ಕಪ್ಪು ನಟರಿಂದ ಆಡಿಸೋದು ನಮ್ಮ ಮನುಷ್ಯತ್ವವನ್ನೇ ಅಲ್ಲಗಳೆದ ಹಾಗೆ ಅಂದಿದ್ದರು. ನಮ್ಮ ಕಥೆಗೆ ನಮ್ಮದೇ ನಾಟಕ ಬೇಕು, ಅದಕ್ಕೆ ಹಣ ಮತ್ತು ರಂಗಮಂದಿರ ಕೊಡಿ ಅನ್ನೋದು ಅವರ ವಾದ. ಅದನ್ನು ಗೌರವದಿಂದ ಕೇಳಬೇಕು.

ಆದರೆ ಹಡ್ಸನ್‌ನಲ್ಲಿ ನೀವು ಕಂಡದ್ದು ಬೇರೆ. ಅಲ್ಲಿ ಎಲ್ಲರೂ ಕಪ್ಪು ನಟರಾಗಿರಲಿಲ್ಲ. ಲೋಮನ್ ಮನೆಯವರು ಕಪ್ಪು ಜನ, ಪಕ್ಕದ ಮನೆಯ ಚಾರ್ಲಿ ಬಿಳಿಯ, ಧಣಿ ಹೊವರ್ಡ್ ಬಿಳಿಯ, ಬಾಸ್ಟನ್ ಹೋಟೆಲಿನಲ್ಲಿ ವಿಲ್ಲಿ ಗುಟ್ಟಾಗಿ ಸಂಬಂಧ ಇಟ್ಟುಕೊಂಡ ಹೆಂಗಸೂ ಬಿಳಿಯಳು. ಹೊವರ್ಡ್ ತನ್ನ ಅಪ್ಪನ ವಯಸ್ಸಿನ ವಿಲ್ಲಿಯನ್ನು ಆ ಆಫೀಸಿನಲ್ಲಿ ‘ಮರಿ’ ಅನ್ನೋ ಧಾಟಿಯಲ್ಲಿ ಕರೆಯುತ್ತಾನೆ. ಅದು 1949ರ ಪಠ್ಯದಲ್ಲೇ ಇದೆ, ಯಾರೂ ಹೊಸದಾಗಿ ಸೇರಿಸಿದ್ದಲ್ಲ. ಬಿಳಿ ವಿಲ್ಲಿಗೆ ಅಂದಾಗ ದುಡ್ಡಿನ ಸೊಕ್ಕು ಅನ್ನಿಸುತ್ತಿತ್ತು. ಕಪ್ಪು ವಿಲ್ಲಿಗೆ ಅಂದಾಗ ಆ ದೇಶದ ಇಡೀ ಚರಿತ್ರೆ ಆ ಒಂದು ಮಾತಿಗೆ ಬಂದು ಕೂರುತ್ತದೆ. ಚಾರ್ಲಿ ಕೆಲಸ ಕೊಡ್ತೀನಿ ಅಂದರೂ ವಿಲ್ಲಿ ಒಲ್ಲೆ ಅನ್ನೋದಿದೆಯಲ್ಲ, ಅದು ಸುಮ್ನೆ ಹಠ ಅಂತ ಇಷ್ಟು ವರ್ಷ ಓದಿದವರಿಗೆ ಈಗ ಬೇರೆ ಕಾರಣ ಕಾಣಿಸುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಕಪ್ಪು ನಟರು ಆಡಿದ್ದರಿಂದಲೂ ಜನ ಹಾಗೆ ಸ್ಪಂದಿಸಿದರು. ಅದರಲ್ಲಿ ತಪ್ಪೇನೂ ನನಗೆ ಕಾಣಿಸುತ್ತಿಲ್ಲ.

‘ಬಿಳಿಯರ ಮನೆಯ ಕಥೆ’ ಅಂತ ಬರೆದಿದ್ದೀರಿ. ಮಿಲ್ಲರ್ ಲೋಮನ್‌ಗಳ ಮೂಲ ಯಾವುದು ಅಂತ ನಾಟಕದಲ್ಲಿ ಎಲ್ಲೂ ಹೇಳಿಲ್ಲ. 1951ರಲ್ಲಿ ಜೋಸೆಫ್ ಬುಲೋಫ್ ಇದನ್ನು ಬ್ರೂಕ್ಲಿನ್‌ನಲ್ಲಿ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಆಡಿಸಿದಾಗ, ಇದೇ ಮೂಲ ನಾಟಕ, ಇಂಗ್ಲಿಷಿನದ್ದು ಅನುವಾದ ಅನ್ನಿಸುವಂತಿದೆ ಅಂತ ವಿಮರ್ಶಕರೊಬ್ಬರು ಬರೆದಿದ್ದರು. 1983ರಲ್ಲಿ ಮಿಲ್ಲರ್ ತಾವೇ ಬೀಜಿಂಗ್‌ಗೆ ಹೋಗಿ ಅಲ್ಲಿನ ನಟರಿಂದ ಚೀನೀ ಭಾಷೆಯಲ್ಲಿ ಆಡಿಸಿದರು. ವಿಲ್ಲಿ ಪಾತ್ರ ಮಾಡಿದ ಯಿಂಗ್ ರುವೋಚೆಂಗ್ ಅವರೇ ಅನುವಾದಕರು. ಅಮೆರಿಕನ್ನರ ಹಾಗೆ ಕಾಣಲು ಹೊಂಬಣ್ಣದ ವಿಗ್ ಹಾಕೋದು ಬೇಡ ಅಂತ ಮಿಲ್ಲರ್ ಪಟ್ಟು ಹಿಡಿದರು. ಊರೂರು ಅಲೆಯುವ ಸೇಲ್ಸ್‌ಮನ್ ಅಂದರೇನು ಅಂತಲೇ ಗೊತ್ತಿರದ ಪ್ರೇಕ್ಷಕರು, ಸತ್ತರೆ 20,000 ಡಾಲರ್ ಬರುವ ಜೀವವಿಮೆ ಅವರಿಗೆ ಕಂಡು ಕೇಳದ ಸಂಗತಿ. ಆದರೂ ಹೊರಬಂದ ಹುಡುಗನೊಬ್ಬ, ನಮಗೂ ನಂಬರ್ ಒನ್ ಆಗಬೇಕು, ದುಡ್ಡು ಮಾಡಬೇಕು ಅಂತ ಆಸೆ ಇದೆ, ಅದಕ್ಕೇ ಮನಸ್ಸಿಗೆ ತಟ್ಟಿತು ಅನ್ನೋ ಅರ್ಥದಲ್ಲಿ ಟೀವಿಯವರ ಮುಂದೆ ಹೇಳಿದ್ದನ್ನು ಮಿಲ್ಲರ್ ಆಮೇಲೆ ಬರೆದಿದ್ದಾರೆ. ಮಗ ದೊಡ್ಡ ಮನುಷ್ಯ ಆಗಲೇಬೇಕು ಅಂತ ಹಠ ಹಿಡಿದ ಅಪ್ಪನನ್ನು ಗುರುತಿಸೋಕೆ ಯಾವ ದೇಶದವರಿಗೂ ಕಷ್ಟವಿಲ್ಲ.

ನಿಮ್ಮ ಒಂದು ದೂರನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಕೊನೆಯ ಚಪ್ಪಾಳೆ. 1949ರ ಫೆಬ್ರುವರಿ 10ರಂದು ಮೊರೊಸ್ಕೊ ಥಿಯೇಟರ್‌ನಲ್ಲಿ ಈ ನಾಟಕ ಬ್ರಾಡ್‌ವೇಗೆ ಬಂತು, ಎಲಿಯಾ ಕಜಾನ್ ನಿರ್ದೇಶನ. ಅದಕ್ಕೂ ಮುಂಚೆ ಫಿಲಡೆಲ್ಫಿಯಾದಲ್ಲಿ ನಡೆದ ಮೊದಲ ಪ್ರದರ್ಶನದ ಪ್ರೇಕ್ಷಕರ ಬಗ್ಗೆ ಮಿಲ್ಲರ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಪರದೆ ಬಿದ್ದರೂ ಯಾರೂ ಚಪ್ಪಾಳೆ ತಟ್ಟಲಿಲ್ಲವಂತೆ. ಕೋಟು ಹಾಕಿಕೊಳ್ಳಲು ಎದ್ದವರು ಮತ್ತೆ ಕೂತರು. ಗಂಡಸರು ಮುಂದಕ್ಕೆ ಬಾಗಿ ಮುಖ ಮುಚ್ಚಿಕೊಂಡಿದ್ದರು, ಕೆಲವರು ಬಹಿರಂಗವಾಗಿಯೇ ಅಳುತ್ತಿದ್ದರು. ಬಹಳ ಹೊತ್ತಾದ ಮೇಲೆ ಯಾರಿಗೋ ಚಪ್ಪಾಳೆಯ ನೆನಪಾಯಿತು, ಆಮೇಲೆ ಅದು ನಿಲ್ಲಲೇ ಇಲ್ಲ. ಬರ್ನಾರ್ಡ್ ಗಿಂಬೆಲ್ ಅನ್ನೋ ದೊಡ್ಡ ಅಂಗಡಿಗಳ ಮಾಲೀಕ ನಾಟಕ ನೋಡಿ, ವಯಸ್ಸಾಯಿತು ಅನ್ನೋ ಕಾರಣಕ್ಕೆ ಇನ್ನು ಯಾರನ್ನೂ ಕೆಲಸದಿಂದ ತೆಗೆಯಬಾರದು ಅಂತ ಆದೇಶ ಹೊರಡಿಸಿದ ಕಥೆಯೂ ಇದೆ. ಹಾಗಂತ ಆಗಿನ ಪ್ರೇಕ್ಷಕರೆಲ್ಲ ಮಹಾ ರಸಿಕರು ಅಂದುಕೊಳ್ಳಬೇಡಿ. ಒಬ್ಬ ಸೇಲ್ಸ್‌ಮನ್ ಹೊರಗೆ ಹೋಗುತ್ತಾ, ವಿಲ್ಲಿ ವ್ಯಾಪಾರಕ್ಕೆ ಸುತ್ತುವ ಪ್ರದೇಶದ ಬಗ್ಗೆ, ‘ನಾನು ಮೊದಲಿಂದ ಹೇಳ್ತಾನೇ ಇದ್ದೆ, ಆ ನ್ಯೂ ಇಂಗ್ಲೆಂಡ್ ಕಡೆ ವ್ಯಾಪಾರ ಆಗಲ್ಲ’ ಅಂದನಂತೆ! ಇದನ್ನೂ ಮಿಲ್ಲರೇ ದಾಖಲಿಸಿದ್ದಾರೆ. ಅವನೂ ಮನಸ್ಸಿಟ್ಟೇ ನೋಡಿದ್ದಾನೆ ಅಂತ ನನಗನ್ನಿಸುತ್ತದೆ. ತನ್ನ ಕೆಲಸದ ಕಣ್ಣಿಂದ ನೋಡಿದ, ಅಷ್ಟೇ.

ಈಗ ಬ್ರಾಡ್‌ವೇಯಲ್ಲಿ ಯಾವ ನಾಟಕಕ್ಕಾದರೂ ಎದ್ದು ನಿಲ್ಲೋದು ರೂಢಿ. ನೂರು ಡಾಲರ್ ಮೀರಿದ ಟಿಕೆಟ್ ಕೊಂಡವರಿಗೆ ಒಳ್ಳೆಯದನ್ನೇ ನೋಡಿದೆವು ಅಂತ ತಮಗೆ ತಾವೇ ಹೇಳಿಕೊಳ್ಳೋ ಆಸೆ ಇರುತ್ತದೆ. ಆದರೆ ಈ ನಾಟಕ ಮುಗಿಯೋದು ವಿಲ್ಲಿಯ ಸಮಾಧಿಯ ಮುಂದೆ. ಮನೆಯ ಸಾಲದ ಕೊನೆಯ ಕಂತು ಇವತ್ತು ಕಟ್ಟಿದೆ, ಮನೆಯಲ್ಲಿ ಇರೋಕೆ ಯಾರೂ ಇಲ್ಲ, ನಾವೀಗ ಬಿಡುಗಡೆಯಾದೆವು ಅಂತ ಲಿಂಡಾ ಬಿಕ್ಕುತ್ತಿದ್ದಾಳೆ. ಅಲ್ಲಿಂದ ಸಿಳ್ಳೆ ಚಪ್ಪಾಳೆಗೆ ಒಂದೇ ಸೆಕೆಂಡಿನಲ್ಲಿ ಜಿಗಿಯೋದು ನನಗೂ ಹಿಂಸೆಯೇ. ಪ್ರೇಕ್ಷಕರ ಮೇಲೆ ನನಗಿರೋ ಬೇಸರ ಇದೊಂದೇ, ಅದನ್ನು ಮುಚ್ಚಿಡೋದಿಲ್ಲ.

ನಗು, ಅಳು, ಉದ್ಗಾರ ಎಲ್ಲ ಸರಿ ಅಂದ ಮಾತ್ರಕ್ಕೆ ಗಲಾಟೆಯೂ ಸರಿ ಅಂತ ಅಲ್ಲ. ಅದೇ ಹಡ್ಸನ್‌ನಲ್ಲಿ 2022ರ ಅಕ್ಟೋಬರ್‌ನಲ್ಲಿ ಪ್ರೇಕ್ಷಕರೊಬ್ಬರ ರಂಪಾಟದಿಂದ ಪ್ರದರ್ಶನ ನಿಂತೇ ಹೋಗಿತ್ತು. ಪಿಯರ್ಸ್ ಪಾತ್ರದಿಂದ ಹೊರಬಂದು ಸಮಾಧಾನ ಮಾಡಬೇಕಾಯಿತು. ನಾಟಕದ ಜೊತೆ ಸ್ಪಂದಿಸೋದಕ್ಕೂ ನಾಟಕವನ್ನು ಕೆಡಿಸೋದಕ್ಕೂ ಇರೋ ಗೆರೆ ಎಲ್ಲರಿಗೂ ಗೊತ್ತಾಗುವಂಥದ್ದೇ. ನಿಮ್ಮ ಪತ್ರ ಓದಿದರೆ ನಿಮ್ಮ ಪಕ್ಕದವರು ಯಾರೂ ಆ ಗೆರೆ ದಾಟಿದ ಹಾಗೆ ಕಾಣಲಿಲ್ಲ.

ಇನ್ನು ನಿಮ್ಮ ಮಗನ ವಿಷಯ. ಹದಿನೇಳು ವರ್ಷ, ಕಾಲೇಜು ಆಯ್ಕೆಯ ಬಗ್ಗೆ ಮನೆಯಲ್ಲಿ ದಿನಾ ಮಾತುಕತೆ, ಅವನಿಗೆ ಇದನ್ನು ತೋರಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ತೋರಿಸಿ. ಫೋಲ್ಕರ್ ಶ್ಲೋಂಡಾರ್ಫ್ ನಿರ್ದೇಶನದಲ್ಲಿ ಡಸ್ಟಿನ್ ಹಾಫ್‌ಮನ್, ಜಾನ್ ಮಾಲ್ಕೊವಿಚ್ ಮಾಡಿದ 1985ರ ಟೀವಿ ಚಿತ್ರ ಇದೆ, ರಂಗದ ಮೇಲೆ ಮತ್ತೆ ಬರುವವರೆಗೆ ಅದು ಸಾಕು. ಬಾಸ್ಟನ್ ಹೋಟೆಲಿನಲ್ಲಿ ವಿಲ್ಲಿ ಆ ಹೆಂಗಸಿನ ಜೊತೆ ಬಿಫ್ ಕಣ್ಣಿಗೆ ಬೀಳುವ ದೃಶ್ಯ ಅಪ್ಪ ಮಗ ಒಟ್ಟಿಗೆ ನೋಡಲು ಸ್ವಲ್ಪ ಮುಜುಗರವೇ, ಆದರೆ ಇಡೀ ಕಥೆಯ ಬೇರು ಅಲ್ಲೇ ಇರೋದು, ಓಡಿಸಿಬಿಡಬೇಡಿ. ಕೊನೆಗೆ ಬಿಫ್ ‘ಅಪ್ಪಾ, ನಾನು ತೀರಾ ಸಾಮಾನ್ಯ, ನೀನೂ ಅಷ್ಟೇ’ ಅಂತ ಅತ್ತುಬಿಡುತ್ತಾನೆ, ವಿಲ್ಲಿ ಅದರಿಂದ ‘ಇವನಿಗೆ ನನ್ನ ಕಂಡರೆ ಇಷ್ಟ’ ಅನ್ನೋದೊಂದನ್ನೇ ಕೇಳಿಸಿಕೊಳ್ಳುತ್ತಾನೆ. ಅದಾದ ಮೇಲೆ ಕಾಲೇಜಿನ ಮಾತು ನೀವಾಗಿ ಎತ್ತಬೇಡಿ, ಅವನಾಗಿ ಎತ್ತಿದರೆ ಕೇಳಿ. ಮತ್ತೆ ಅವನು ಎಲ್ಲಿ ನಕ್ಕ ಅಂತ ನಮಗೂ ಬರೆದು ತಿಳಿಸಿ, ಆ ಪತ್ರವನ್ನು ಪೂರ್ತಿ ಅಚ್ಚು ಹಾಕುತ್ತೇವೆ.

ನಿಮ್ಮ,
ಸಂಪಾದಕ