ಬಂಡೆ ಹೂಗಳ ಲೇಖನ ಕಳಿಸಿದವರಿಗೆ

ನಮಸ್ಕಾರ. ಕೊಡಚಾದ್ರಿಯ ಬಂಡೆಗಳಲ್ಲಿ ಮಳೆಗಾಲಕ್ಕೆ ಅರಳುವ ಹೂಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ, ಐದೂ ಫೋಟೋ ನೋಡಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಭಾಷೆಯ ತೊಂದರೆಯಲ್ಲ. ಐದಕ್ಕೂ 'ಕಾಡು ಕರ್ಣಕುಂಡಲ' ಅಂತ ಹೆಸರು ಕೊಟ್ಟಿದ್ದೀರಿ, ಅಲ್ಲಿರುವುದು ಮೂರು ಬೇರೆ ಬೇರೆ ಗಿಡ.

ಗೊಂದಲ ಆಗುವಂಥದ್ದೇ ಬಿಡಿ. ಮೂರೂ ಗುಲಾಬಿ ಬಣ್ಣ, ಮೂರೂ ನೀರು ಜಿನುಗುವ ಬಂಡೆಯಲ್ಲಿ ಹಾವಸೆಗೆ ಅಂಟಿಕೊಂಡು ಬೆಳೆಯುವ ಗಿಡ್ಡ ಗಿಡಗಳು. 'ನಸುಗುಲಾಬಿ ಬಣ್ಣದ ಪುಟ್ಟ ಸುಂದರಿ' ಅಂದರೆ ಓದುವವನಿಗೆ ಯಾವುದು ಅಂತ ಗೊತ್ತಾಗಬೇಕು?

ಮೊದಲ ಎರಡು ಕರ್ಣಕುಂಡಲದ ಬಳಗದವೇ. ಎಲೆಯೆಲ್ಲ ಬುಡದಲ್ಲಿ, ಬರೀ ಕಡ್ಡಿಯ ತುದಿಗೆ ಹೂ, ಹೂವಿನ ಹಿಂದೆ ಬಾಗಿದ ಸಪೂರ ಬಾಲ. ಮಕರಂದ ಇರುವುದು ಆ ಬಾಲದೊಳಗೆ. ಇಷ್ಟು ಮುಖ್ಯವಾದ ಗುರುತಿನ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತಿಲ್ಲ, ಫೋಟೋದಲ್ಲೂ ಅದು ಎರಡನೆಯದರ ಅಂಚಿನಲ್ಲಿ ಚೂರು ಕಾಣುತ್ತದೆ ಅಷ್ಟೇ, ಯಾಕೆಂದರೆ ಎಲ್ಲವನ್ನೂ ಎದುರಿಗೆ ನಿಂತೇ ತೆಗೆದಿದ್ದೀರಿ. ಪಕ್ಕದಿಂದ ಒಂದು, ಬುಡದ ಎಲೆಯದ್ದು ಒಂದು ಬೇಕೇ ಬೇಕು. ಈ ಬಳಗದ ಇಂಪೇಷಿಯನ್ಸ್ ಅಕಾಲಿಸ್, ಇಂಪೇಷಿಯನ್ಸ್ ಸ್ಕಾಪಿಫ್ಲೋರಾ ಎರಡೂ ಹೀಗೆ ಬುಡದಲ್ಲೇ ಎಲೆ ಬಿಡುವವು, ಒಂದೇ ಫೋಟೋ ನೋಡಿ ಜಾತಿ ತೀರ್ಮಾನಿಸಬೇಡಿ.

ಮೂರು ಮತ್ತು ನಾಲ್ಕನೆಯದು ಸೋನೆರಿಲಾ. ಎಣಿಸಿ ನೋಡಿ: ಮೂರೇ ಎಸಳು, ಮೂರೇ ಹಳದಿ ಕೇಸರ. ಬಾಲ ಇಲ್ಲ. ಐದನೆಯದು ಬಿಗೋನಿಯಾ. ಎಲೆ ನೋಡಿದರೆ ಸಾಕು, ನಡುನರದ ಒಂದು ಬದಿ ದೊಡ್ಡದು, ಇನ್ನೊಂದು ಚಿಕ್ಕದು. ಇದರಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ನಡುವೆ ಹಳದಿ ಕೇಸರದ ಗೊಂಚಲಿದ್ದರೆ ಗಂಡು. ಹೂವಿನ ಹಿಂದೆ ರೆಕ್ಕೆಯಿರುವ ಪುಟ್ಟ ಕಾಯಿ ಕಂಡರೆ ಹೆಣ್ಣು. ನಿಮ್ಮ ಫೋಟೋದಲ್ಲಿ ಎರಡೂ ಸಿಕ್ಕಿವೆ, ನೀವೇ ಗಮನಿಸಿಲ್ಲ!

'ಮಣ್ಣೇ ಇಲ್ಲದೆ ಕಲ್ಲು ತಿಂದು ಬದುಕುವ ಹೂ' ಅನ್ನುವ ಸಾಲು ತೆಗೆಯಿರಿ. ಬಿರುಕಿನಲ್ಲಿ, ಹಾವಸೆಯ ಅಡಿಯಲ್ಲಿ ಒಂದಿಷ್ಟು ಮಣ್ಣು ಇದ್ದೇ ಇರುತ್ತದೆ. ಅಕಾಲಿಸ್‌ಗಂತೂ ಗೆಡ್ಡೆ ಇದೆ, ಬೇಸಿಗೆಯಲ್ಲಿ ಬಂಡೆ ಕಾದು ಎಲೆಯೆಲ್ಲ ಒಣಗಿ ಹೋದರೂ ಗೆಡ್ಡೆ ಉಳಿದು ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ನಿಮ್ಮ ಸಾಲಿಗಿಂತ ಈ ನಿಜವೇ ಚೆನ್ನಾಗಿದೆ ಅಲ್ವಾ?

ಪ್ರಕೃತಿ ಮಾತೆಯ ಮೊದಲ ಎರಡು ಪ್ಯಾರಾ ಸುಮ್ನೆ ಜಾಗ ತಿಂದಿವೆ, ಹೊಡೆದು ಹಾಕಿ. ಕೊನೆಯಲ್ಲಿ ಎಲ್ಲೋ ಮೂಲೆಗೆ ಹಾಕಿದ್ದೀರಲ್ಲ, ಬಲಿತ ಕಾಯಿ ಬೆರಳು ತಾಗಿದ ಕೂಡಲೇ ಸಿಡಿದು ಬೀಜ ಕೆನ್ನೆಗೆ ಬಡಿದದ್ದು, ಅಲ್ಲಿಂದ ಶುರು ಮಾಡಿ. ಹಾಗೆ ಸಿಡಿಯುವುದು ಈ ಮೂರರಲ್ಲಿ ಕರ್ಣಕುಂಡಲ ಮಾತ್ರ.

ಫೋಟೋಗೆ ಅಂತ ತುದಿಯ ಬಂಡೆ ಹತ್ತಬೇಡಿ, ಜಾರುತ್ತದೆ. ಆಗುಂಬೆ, ಹುಲಿಕಲ್ ಘಾಟಿಯ ರಸ್ತೆ ಬದಿಯ ಧರೆಯಲ್ಲೂ ಹುಡುಕಿ. ಗೌರಿ ಹಬ್ಬದ ಒಳಗೆ ತಿದ್ದಿ ಕಳಿಸಿ, ಬಿಗೋನಿಯಾ ಫೋಟೋ ಮಾತ್ರ ಈಗಲೇ ತೆಗೆದಿಟ್ಟುಕೊಂಡಿದ್ದೇನೆ.