ಯಾವ ಕಡೆಯಿಂದ ಓದಬೇಕು? ಟೋಕಿಯೊಗೆ ಹೊರಟ ತಮ್ಮನಿಗೆ

ಪ್ರಿಯ ತಮ್ಮ,

ಮುಂದಿನ ಏಪ್ರಿಲ್‌ಗೆ ಟೋಕಿಯೊದ ಭಾಷಾ ಶಾಲೆ ಸೇರುತ್ತಿದ್ದೇನೆ, ಬಿಡುವಿನಲ್ಲಿ ಕಾಮಿಕ್ಸ್ ಬರೆಯುತ್ತೇನೆ ಎಂದು ತಿಳಿಸಿ ನಾಲ್ಕು ವಿಷಯ ಕೇಳಿದ್ದೀಯ: ಊಟ ಹೇಗೆ, ಕೋಣೆ ಸಿಗುತ್ತದೆಯೇ, ಹವ್ಯಾಸಿಗಳನ್ನು ಅಲ್ಲಿನ ಮೇಳಗಳಲ್ಲಿ ಸೇರಿಸಿಕೊಳ್ಳುತ್ತಾರೆಯೇ, ಪುಟಗಳನ್ನು ಅವರಂತೆ ಬಲದಿಂದ ಎಡಕ್ಕೆ ಜೋಡಿಸಬೇಕೇ. ನಮ್ಮ ಚಿಕ್ಕಮಗಳೂರು ಕಡೆಯಿಂದ ಕಾಮಿಕ್ಸ್ ಬರೆಯುವವನೊಬ್ಬ ಬರುತ್ತಿದ್ದಾನೆ ಎಂಬುದೇ ನನಗೆ ಹಬ್ಬ.

ಊಟದ ಚಿಂತೆ ಬೇಡ. ನಿಶಿ-ಕಸಾಯ್ ಕಡೆ ಭಾರತೀಯರ ಅಂಗಡಿಗಳಿವೆ, ಅಕ್ಕಿ ಬೇಳೆ ಸಿಗುತ್ತವೆ. ಸಾರಿನ ಪುಡಿ ಮಾತ್ರ ಅಮ್ಮನ ಕೈಯದ್ದೇ ತಾ. ಕೋಣೆಯನ್ನು ಮೊದಲ ವರ್ಷ ಶಾಲೆಯ ಮೂಲಕವೇ ಹಿಡಿ. ಹೊರಗೆ ಹಿಡಿಯಹೋದರೆ ಜಾಮೀನು ಕೇಳುತ್ತಾರೆ. ಮುಂಗಡವಲ್ಲದೆ ಮಾಲೀಕರಿಗೆ ಮರಳಿ ಬಾರದ ಹಣವನ್ನೂ ಕೊಡಬೇಕಾಗುವುದುಂಟು.

ಇನ್ನು ಮೇಳ. ಇಲ್ಲಿಗೆ ಬಂದ ಮೊದಲ ಆಗಸ್ಟ್‌ನಲ್ಲಿ ಸಹೋದ್ಯೋಗಿಯೊಬ್ಬಳು ನನ್ನನ್ನು ಅರಿಯಾಕೆಯ ಬಿಗ್ ಸೈಟ್ ಪ್ರದರ್ಶನ ಭವನಕ್ಕೆ, ಕಾಮಿಕೆಟ್ ಎಂಬ ಹವ್ಯಾಸಿ ಕಾಮಿಕ್ಸ್ ಮೇಳಕ್ಕೆ ಕರೆದೊಯ್ದಳು. ಸುಡುಬಿಸಿಲಿನಲ್ಲಿ ಗೊಣಗದೆ ನಿಂತ ಆ ಸಾಲಿನ ಕೊನೆ ಕಾಣುತ್ತಿರಲಿಲ್ಲ. ಒಳಗೆ ಉದ್ದುದ್ದ ಮೇಜುಗಳ ಹಿಂದೆ ಕುಳಿತು ಮಾರುತ್ತಿದ್ದವರೆಲ್ಲ ತಾವೇ ಬರೆದು, ತಮ್ಮ ದುಡ್ಡಿನಲ್ಲೇ ಅಚ್ಚು ಹಾಕಿಸಿದವರು. ತಲೆ ನರೆತ ಒಬ್ಬರು ಹಳ್ಳಿಯ ರೈಲು ನಿಲ್ದಾಣಗಳ ಬಗ್ಗೆ ತಾವು ಬರೆದ ತೆಳು ಪುಸ್ತಕವನ್ನು ಎರಡೂ ಕೈಯಿಂದ ನನಗೆ ಕೊಟ್ಟರು. ಊರಿನಲ್ಲಿ ನೋಟ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅಡಗಿಸಿ ಬರೆಯುತ್ತಿದ್ದವಳು ನಾನು. 'ಮದುವೆಯಾದ ಮೇಲೂ ಈ ಮಕ್ಕಳಾಟವೇ' ಎಂದು ಕೇಳಿಸಿಕೊಂಡವಳು. ಅಂದು ನನಗೆ ಎದೆ ತುಂಬಿ ಬಂತು. 1975ರ ಡಿಸೆಂಬರ್‌ನಲ್ಲಿ 32 ಗುಂಪುಗಳು, ಸುಮಾರು 700 ಜನ ಸೇರಿ ಆರಂಭವಾದ ಮೇಳ ಅದು. ಇವತ್ತಿಗೂ ಅದನ್ನು ಉಳಿಸಿಕೊಂಡು ಬಂದಿರುವವರು ಹವ್ಯಾಸಿಗಳೇ.

ಆದರೆ ನಿನಗೆ ನಾನು ಹೇಳುವುದು ಕೊಮಿಟಿಯಾ. 1984ರಿಂದ ನಡೆಯುತ್ತಿರುವ ಆ ಮೇಳದಲ್ಲಿ ಸ್ವಂತ ಕಥೆಗಳಿಗಷ್ಟೇ ಜಾಗ. ಬೇರೆಯವರ ಪಾತ್ರಗಳನ್ನು ಎರವಲು ತಂದು ಬರೆದದ್ದು ನಡೆಯುವುದಿಲ್ಲ. ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಸಿಗುವುದು ಅರ್ಧ ಮೇಜು, 90 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ. ಪತ್ರಿಕೆಗಳ ಸಂಪಾದಕರೂ ಅಲ್ಲಿ ಬಂದು ಕುಳಿತಿರುತ್ತಾರೆ, ಯಾರು ಬೇಕಾದರೂ ಸಾಲಿನಲ್ಲಿ ನಿಂತು ಪುಟಗಳನ್ನು ತೋರಿಸಬಹುದು. ಓದುಗರು ಮಾತ್ರ ಮಾದರಿ ಪ್ರತಿಯನ್ನು ಎತ್ತಿ, ನಿಂತಲ್ಲೇ ಓದಿ, ಮೆಲ್ಲನೆ ಇಟ್ಟು, ತಲೆ ಬಾಗಿಸಿ ಹೋಗಿಬಿಡುತ್ತಾರೆ. ನಮ್ಮಲ್ಲಿಯ ಹಾಗೆ ಬೆನ್ನು ತಟ್ಟುವುದಿಲ್ಲ. ಅದನ್ನು ಅವಮಾನವೆಂದು ಎಣಿಸಬೇಡ. ಪೂರ್ತಿ ಓದಿದರಲ್ಲ, ಅದೇ ಗೌರವ.

ದಿಕ್ಕಿನ ಪ್ರಶ್ನೆ ಬಹಳ ಮುಖ್ಯ. ಜಪಾನೀ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಬರೆದಾಗ ಸಾಲುಗಳು ಬಲದಿಂದ ಎಡಕ್ಕೆ ಸಾಗುತ್ತವೆ, ಅದಕ್ಕೇ ಪುಸ್ತಕವೂ ಬಲಕ್ಕೆ ಕಟ್ಟಿರುತ್ತದೆ. ಅವರ ಮಾತಿನ ಬಲೂನು ಎತ್ತರವಾಗಿ, ಕಿರಿದಾಗಿ ಇರುವುದೂ ಅದರಿಂದಲೇ. ಕನ್ನಡದ ಪದಗಳೋ ಅಡ್ಡಕ್ಕೆ ಉದ್ದ, ಒತ್ತಕ್ಷರಗಳಿಗೆ ಸಾಲಿನ ಕೆಳಗೂ ಜಾಗ ಬೇಕು. ಆ ಕಿರಿದಾದ ಬಲೂನಿನಲ್ಲಿ 'ಅಷ್ಟರಲ್ಲೇ' ಎಂಬುದನ್ನು ತುರುಕಿ ನೋಡು, ಗೊತ್ತಾಗುತ್ತದೆ. ಬರೆದ ಪುಟವನ್ನು ಕನ್ನಡಿಯಂತೆ ತಿರುಗಿಸಿಬಿಡೋಣ ಎಂದೂ ಯೋಚಿಸಬೇಡ. ತಿರುಗಿಸಿದರೆ ಸೀರೆಯ ಸೆರಗು ಬಲ ಹೆಗಲಿಗೆ ಬರುತ್ತದೆ, ಅಜ್ಜಿ ಎಡಗೈಯಲ್ಲಿ ಪ್ರಸಾದ ಕೊಡುತ್ತಾಳೆ. ಮೊದಲ ಗೆರೆ ಎಳೆಯುವ ಮುಂಚೆಯೇ ದಿಕ್ಕು ನಿಶ್ಚಯವಾಗಬೇಕು.

ಹಾಗೆಂದು ಬಲದಿಂದ ಎಡಕ್ಕೆ ಓದುವುದು ನಮಗೆ ಪರಕೀಯವಲ್ಲ. ತರೀಕೆರೆ ಬಳಿಯ ಅಮೃತಾಪುರಕ್ಕೆ ಹೋಗಿದ್ದೀಯ ತಾನೇ? ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯ. ಮಂಟಪದ ಹೊರಗೋಡೆಯ ಉತ್ತರದಲ್ಲಿ ಕೃಷ್ಣನ ಕಥೆ, ಮಹಾಭಾರತ. ಅವು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತವೆ. ಗೋಡೆಗೆ ಮುಖ ಮಾಡಿ ನಿಂತರೆ ಅದು ಬಲದಿಂದ ಎಡಕ್ಕೇ. ದಕ್ಷಿಣದಲ್ಲಿ 70 ಚೌಕಗಳ ರಾಮಾಯಣ ಅಪ್ರದಕ್ಷಿಣವಾಗಿ, ಎಂದರೆ ಎಡದಿಂದ ಬಲಕ್ಕೆ. ಒಂದೇ ಗುಡಿಯ ಶಿಲ್ಪಿಗಳು ಎರಡೂ ದಿಕ್ಕಿನಲ್ಲಿ ಕಥೆ ಹೇಳಿದ್ದಾರೆ. ಜಪಾನೀ ಗೆಳೆಯರಿಗೆ ಆ ಗೋಡೆಗಳ ಚಿತ್ರ ತೋರಿಸುವಾಗ ನನ್ನ ದನಿ ಏರುತ್ತದೆ.

ಆ ಗೋಡೆಯನ್ನು ಓದಲು ನನಗೆ ಕಲಿಸಿದವರು ಅಪ್ಪ. ನನ್ನ ಮೊದಲ ಪುಸ್ತಕವೂ ಅವರದೇ ಕಥೆ: ಕುಯ್ಲಿನ ಕಾಲದಲ್ಲಿ ಕಾಫಿ ಕಣ ಕಾಯುತ್ತ, ಟಾರ್ಚ್ ಹಿಡಿದು ರಾತ್ರಿಯೆಲ್ಲ ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ ಮನುಷ್ಯ. ಇಲ್ಲಿನ ಓದುಗರಿಗೆಂದು ಅದನ್ನು ಜಪಾನೀ ಭಾಷೆಯಲ್ಲೇ ಬರೆದೆ, ಊರಿಗೂ ಒಂದು ಪ್ರತಿ ಕಳಿಸಿದೆ. ಅಪ್ಪ ಅದನ್ನು ಎಡದಿಂದಲೇ ತೆರೆದರಂತೆ, ಕೊನೆಯಿಂದ ಮೊದಲಿಗೆ ನೋಡುತ್ತ ಬಂದರಂತೆ. ಕಣ ಗುರುತಿಸಿದರು, ಕಂಬಳಿ ಗುರುತಿಸಿದರು. ಫೋನಿನಲ್ಲಿ ಕೇಳಿದ್ದು ಒಂದೇ: "ಇವನು ಏನು ಹೇಳುತ್ತಿದ್ದಾನೆ ಮಗಳೇ?" ಒಂದೆರಡು ಪುಟ ಓದಿ ಹೇಳಿದೆ. ಕನ್ನಡದಲ್ಲಿ ಬರೆದು ತರುತ್ತೇನೆ ಎಂದೆ. ಅದು ಸಿದ್ಧವಾಗುವಷ್ಟರಲ್ಲಿ ಅವರಿರಲಿಲ್ಲ. ಆ ಪುಸ್ತಕವನ್ನು ಓದಿದ ಅಪರಿಚಿತರ ಎದುರು ಇಂದಿಗೂ ನನಗೆ ಆ ಪ್ರಶ್ನೆ ಕೇಳಿಸುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಇದೊಂದನ್ನು ಮಾತ್ರ ಮುಂದೂಡಬೇಡ. ಚಿತ್ರ ಒಂದು ಪದರದಲ್ಲಿರಲಿ, ಬಲೂನು ಮತ್ತು ಅಕ್ಷರ ಬೇರೆ ಪದರದಲ್ಲಿರಲಿ. ಬಲೂನಿನ ಹಿಂದೆಯೂ ಚಿತ್ರವನ್ನು ಪೂರ್ತಿ ಬರೆ. ಆಗ ಕನ್ನಡಕ್ಕೆ ಬೇಕಾದಷ್ಟು ಅಗಲಿಸಬಹುದು, ಕುಗ್ಗಿಸಬಹುದು. ಮೇಳಕ್ಕೆ ಜಪಾನೀ ಪ್ರತಿ ಅಚ್ಚಾಗುವ ವಾರವೇ ಮನೆಗೆ ಕನ್ನಡದ ಪ್ರತಿ ಹೋಗಲಿ, ಜೆರಾಕ್ಸ್ ಆದರೂ ಸರಿ. ಮೊದಲ ಪುಸ್ತಕದ ಚೌಕಗಳನ್ನು ಎಡದಿಂದ ಬಲಕ್ಕೇ ಇಟ್ಟು, ಜಪಾನಿಯನ್ನೂ ಅಡ್ಡ ಸಾಲಿನಲ್ಲಿ ಬರೆಸು. ಮುಖಪುಟದಲ್ಲಿ ಬಾಣದ ಗುರುತು ಹಾಕಿದರೆ ಇಲ್ಲಿಯವರು ಓದಿಕೊಳ್ಳುತ್ತಾರೆ.

ಇನ್ನೊಂದು ಮಾತು. ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು. ಪುಸ್ತಕ ಮಾರುವುದು ಅದರೊಳಗೆ ಬರುತ್ತದೆಯೇ ಎಂದು ಮೇಜು ಕಾಯ್ದಿರಿಸುವ ಮೊದಲು ಶಾಲೆಯ ಕಚೇರಿಯಲ್ಲಿ ಕೇಳು. ಉತ್ತರ ಬರುವವರೆಗೆ ಓದುಗನಾಗಿ ಬಾ. ನನ್ನ ಮೇಜಿನ ಹಿಂದೆ ಎರಡನೆಯ ಕುರ್ಚಿ ಖಾಲಿಯೇ ಇರುತ್ತದೆ, ಚಿಲ್ಲರೆ ಎಣಿಸಲು ನನಗೂ ಒಬ್ಬರು ಬೇಕು.